ರಸ್ತೆ ಬದಿಯ ಹಸಿ

ಆ ಡಬ್ಬಿ ಸುಳ್ಳು ಹೇಳಲಿಲ್ಲ. ಅದನ್ನು ತಪ್ಪು ಜಾಗದಲ್ಲಿ ನೆಡಿಸಿದವಳು ನಾನು. ಊರವರು ಇವತ್ತಿಗೂ ನನ್ನ ಮಗನನ್ನೇ ಆಡಿಕೊಳ್ಳುತ್ತಾರೆ, ಅದು ಸರಿಯಲ್ಲ.

ಗಾದಿಗನೂರಿನ ನಮ್ಮ ಹೊಲ ಅದಿರಿನ ಲಾರಿ ಓಡಾಡುವ ರಸ್ತೆಗೆ ಹತ್ತಿಕೊಂಡೇ ಇದೆ. ಗಣಿಯ ಅಬ್ಬರದ ಆ ವರ್ಷ ಕಾಲೇಜಿನವರು ಬಂದು, ಪರೀಕ್ಷೆಗೆಂದು ಒಂದು ಡಬ್ಬಿ ಕೊಟ್ಟರು. ಕೆಳಗೆ ಮಣ್ಣಿಗೆ ಚುಚ್ಚುವ ಎರಡು ಕಡ್ಡಿ, ಮೇಲೆ ಅಂಗೈಯಷ್ಟು ಸೋಲಾರ್ ತಟ್ಟೆ. ನೆಲ ಹಸಿ ಇದೆಯೋ ಒಣಗಿದೆಯೋ ಎಂದು ತಂತಿಯಿಲ್ಲದೆ ಮಗನ ಮೊಬೈಲಿಗೆ ಸುದ್ದಿ ಕಳಿಸುತ್ತಿತ್ತು. ಹೊಲದ ನಡುವೆ ಹಾಕಿ ಎಂದು ಹೇಳಿ ಹೋದರು. ಸಾಲಿನ ನಡುವೆ ಕಳೆ ತೆಗೆಯಲು ಎಡೆ ಹೊಡೆಯುವಾಗ ಕುಂಟೆ ತಾಗಿ ಮುರಿದೀತೆಂದು ನಾನೇ ರಸ್ತೆ ಬದಿಯ ಮೂಲೆಗೆ ಹಾಕಿಸಿದೆ.

ಮೆಕ್ಕೆಜೋಳ ತುದಿಗೆ ಸೂಲಂಗಿ ಹೂ ಬಿಡುವ ಹೊತ್ತು. ಆಗ ನೀರು ತಪ್ಪಿದರೆ ತೆನೆಯಲ್ಲಿ ಕಾಳು ಕೂರುವುದಿಲ್ಲ, ದನಕ್ಕೆ ಮೇವಷ್ಟೇ. ಬೋರು ನಮಗೂ ನನ್ನ ಮೈದುನನ ಮಗನಿಗೂ ಕೂಡಿದ್ದು. ಒಂದು ದಿನ ಅವನ ಪಾಳಿ, ಒಂದು ದಿನ ನಮ್ಮದು. ಬಿಟ್ಟುಕೊಟ್ಟ ಪಾಳಿಯನ್ನು ಯಾರೂ ವಾಪಸ್ ಕೇಳುವುದಿಲ್ಲ. ಮೊಬೈಲು ಹಸಿ ಎಂದಾಗಲೆಲ್ಲ ಮಗ ನಮ್ಮ ಪಾಳಿ ಅವನಿಗೆ ಬಿಟ್ಟುಕೊಟ್ಟ. ಮೂರು ಪಾಳಿ ಹಾಗೇ ಹೋದವು.

ನಾಲ್ಕನೆಯ ಪಾಳಿಯ ದಿನ ನಾನು ಹೊಲದೊಳಗೆ ಹೋದೆ. ಬಿಸಿಲೇರುವ ಮುಂಚೆಯೇ ಎಲೆ ಸುರುಳಿ ಸುತ್ತಿಕೊಂಡಿತ್ತು. ಗೇಣು ಆಳ ಅಗೆದು ಮಣ್ಣು ಹಿಡಿದರೆ ಉಂಡೆ ಕಟ್ಟಲಿಲ್ಲ, ಬೆರಳ ಸಂದಿಯಿಂದ ಸೋರಿತು. ಬೋರಿನ ಕಡೆ ನಡೆದೆ. ನನ್ನ ಮಗ, ಮೈದುನನ ಮಗ ಇಬ್ಬರೂ ಅಲ್ಲೇ ನಿಂತಿದ್ದರು. ನಮ್ಮ ಪಾಳಿಯ ನೀರು ಮೈದುನನ ಮಗನ ಹೊಲಕ್ಕೆ ಹೋಗುತ್ತಿತ್ತು.

"ಈ ಕಡೆ ತಿರುವಲೇ ನೀರು," ಎಂದೆ ಮಗನಿಗೆ.

"ಹಸಿ ಐತಿ ಅಂತ ಈಗಷ್ಟೇ ಮೆಸೇಜ್ ಬಂದೈತಿ ಯವ್ವಾ. ನಿನ್ನ ಕೈಗೇನು ಮೀಟರ್ ಕುಂದ್ರಿಸ್ಯಾರೇನು?"

"ಮೀಟರಿಗೆ ಕಣ್ಣೈತೇನು? ಎಲಿ ನೋಡು."

ಮೈದುನನ ಮಗ ನಕ್ಕ. "ಓದಿದೋರ ಮೆಷಿನ್ ಅದು, ದೊಡ್ಡವ್ವ. ನಿಂದು ಯಾವ ಕಾಲೇಜು?"

"ನಗಬ್ಯಾಡ. ಮೂರು ಪಾಳಿ ನಮ್ಮ ನೀರು ಕುಡಿದು ನಿನ್ನ ಹಲ್ಲು ಭಾಳ ಬೆಳ್ಳಗಾಗ್ಯಾವು."

ಜಗಳ ಮುಗಿಯುವ ಮೊದಲೇ ಕರೆಂಟು ಹೋಗಿ ಮೋಟಾರು ನಿಂತಿತು, ಆ ದಿನ ಮತ್ತೆ ಬರುವಂತಿರಲಿಲ್ಲ. ಮರುದಿನ ಹೇಗೂ ಅವನ ಪಾಳಿ.

ಸಿಟ್ಟಿನಲ್ಲಿ ಆ ಡಬ್ಬಿಯನ್ನು ಕಿತ್ತೆಸೆಯಲು ಮೂಲೆಗೆ ಹೋದೆ. ಅಷ್ಟರಲ್ಲಿ ರಸ್ತೆಯ ಧೂಳಿಗೆ ನೀರು ಹೊಡೆಯುವ ಟ್ಯಾಂಕರ್ ಬಂತು. ದಿನಾ ಎರಡು ಸಲ ಬರುತ್ತಿತ್ತು, ದಿನಾ ನೋಡುತ್ತಿದ್ದೆ. ಕೆಂಪು ನೀರು ಇಳಿಜಾರಿನಲ್ಲಿ ಹರಿದು ಬಂದು ಡಬ್ಬಿಯ ಬುಡದಲ್ಲಿ ನಿಂತಿತು. ಅಲ್ಲಿ ನನ್ನ ಕಾಲು ಹಿಮ್ಮಡಿ ಮಟ ಹೂತಿತು.

ಮಗನನ್ನು ಕೂಗಿ ತೋರಿಸಿದೆ. "ಜಾಗ ತೋರಿಸಿದಾಕಿ ನಾನು. ನಿಂದೇನಿಲ್ಲ."

ಅವನು ಬಗ್ಗಿ ಡಬ್ಬಿಯ ಬುಡದ ಕೆಸರು ಮುಟ್ಟಿ ನೋಡಿದ. "ಬೆಳಿ ಇನ್ನೆರಡು ದಿನ ತಡಿತೈತೇನು ಯವ್ವಾ?"

"ಇಲ್ಲ."

ಮರುದಿನ ಬೆಳಿಗ್ಗೆ, ಕರೆಂಟು ಬರುವ ಮುಂಚೆ, ಮೈದುನನ ಮಗನ ಬಾಗಿಲಿಗೆ ಹೋದೆ. ಅವನು ಹಲ್ಲುಜ್ಜುತ್ತಿದ್ದ. ತಪ್ಪು ನನ್ನದು, ಇವತ್ತಿನ ನಿನ್ನ ಪಾಳಿ ನನಗೆ ಕೊಡು ಎಂದು ಕೇಳಿದೆ. ಅವನು ನಗಲಿಲ್ಲ. ಬಾಯಿ ಮುಕ್ಕಳಿಸಿ, ಗೋಡೆಗೆ ಒರಗಿಸಿದ್ದ, ನೀರಿನ ಕಾಲುವೆ ತಿರುವುವ ಸಲಿಕೆ ತೆಗೆದು ನನ್ನ ಕೈಗೆ ಕೊಟ್ಟ. ನಾನು ಹೋಗಿ ನಮ್ಮ ಹೊಲಕ್ಕೆ ನೀರು ತಿರುವಿದೆ.