ಚಾರ್ಜರ್ ಇರುವವನ ಕಾರು

ಬ್ಯಾಟರಿಯನ್ನು ಚಾರ್ಜಿಗೆ ಹಾಕಿದಾಗ ಒಂದು ಹುಳಿ ವಾಸನೆ ಬರುತ್ತದೆ, ನೀವು ಮೂಸಿದ್ದೀರೋ ಇಲ್ಲವೋ. ಹಳೇ ಮಜ್ಜಿಗೆಯಲ್ಲಿ ಯಾರೋ ಕಬ್ಬಿಣದ ಮೊಳೆ ನೆನೆಹಾಕಿದ ಹಾಗೆ. ಇವತ್ತು ಬೆಳಿಗ್ಗೆ ಕಾರಿನ ಬಾನೆಟ್ ಎತ್ತಿ ವೈರು ಸಿಕ್ಕಿಸಿ ನಿಂತಿದ್ದೆ. ಆ ವಾಸನೆ ಬಂತು, ರಾಘುವಿನ ನೆನಪಾಗಿ ಒಬ್ಬನೇ ನಕ್ಕೆ. ರಾಘು ನನ್ನ ಹೆಂಡತಿಯ ತಮ್ಮ, ಕಮ್ಮರಡಿಯವನು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕೊಪ್ಪದಲ್ಲಿ ನನ್ನದೊಂದು ಹಿಟ್ಟಿನ ಗಿರಣಿ ಇದೆ. ಅದರ ಒಂದೊಂದು ಬೋಲ್ಟನ್ನೂ ನಾನೇ ಬಿಗಿದಿದ್ದೇನೆ. ಮೋಟಾರು ಕೆಟ್ಟರೆ ಇನ್ನೊಬ್ಬರನ್ನು ಕರೆದವನಲ್ಲ. ಅಂಥವನ ಕಾರನ್ನು ನಾಲ್ಕು ಜನ ತಳ್ಳುವುದೆಂದರೆ? ಕಾರು ತೆಗೆಯುವುದು ಮದುವೆ ಮುಂಜಿಗೆ ಮಾತ್ರ. ಉಳಿದ ದಿನ ನಿಂತು ನಿಂತು ಬ್ಯಾಟರಿ ಮಲಗುತ್ತದೆ. ಇದಕ್ಕೆ ನಮ್ಮ ಕಡೆ ಒಂದು ಪದ್ಧತಿಯಿದೆ. ಕಾರನ್ನು ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿ ಚಕ್ರಕ್ಕೊಂದು ಕಲ್ಲು ಕೊಡುವುದು. ಬೆಳಿಗ್ಗೆ ಕಲ್ಲು ತೆಗೆದರೆ ಗಾಡಿ ತಾನೇ ಉರುಳುತ್ತದೆ, ಗೇರು ಹಾಕಿ ಕ್ಲಚ್ ಬಿಟ್ಟರೆ ಶುರು. ಡಾಕ್ಟರ ಕಾರೂ ಹಾಗೇ, ಮೇಷ್ಟ್ರ ಕಾರೂ ಹಾಗೇ. ನನಗೆ ಮಾತ್ರ ಅದು ಗುಡ್ಡದ ಹತ್ತಿರ ಭಿಕ್ಷೆ ಬೇಡಿದಂತೆ ಕಾಣುತ್ತಿತ್ತು. ಚಾರ್ಜರ್ ತಂದೆ. ತಂದ ದಿನವೇ ಕಾರನ್ನು ಕೆಳಗೆ ಗಿರಣಿಯ ಅಂಗಳದಲ್ಲಿ ತಿರುಗಿಸಿ ತಂದು ಗುಡ್ಡಕ್ಕೆ ಮುಖ ಮಾಡಿ ನಿಲ್ಲಿಸಿದೆ.

"ಎಂತ ಭಾವ, ಗಾಡಿ ಸಿಟ್ಟು ಮಾಡ್ಕಂಡು ಗೋಡೆ ಕಡೆ ತಿರುಗಿ ಕೂತಂಗಿದೆ?" ಎಂದ ರಾಘು.

"ಚಾರ್ಜರ್ ಇರೋನ ಗಾಡಿಗೆ ಇಳಿಜಾರು ಬೇಡ ಮಾರಾಯ."

"ತಳ್ಳಕ್ಕೆ ಮಾತ್ರ ನನ್ನ ಕರೀಬೇಡಿ."

"ಕರೆದ್ರೆ ಕೇಳು."

ಆ ಬ್ಯಾಟರಿಯ ಆರೈಕೆಯನ್ನು ನೀವು ನೋಡಬೇಕಿತ್ತು. ಬಿಸಿನೀರು ಹಾಕಿ ತೊಳೆದು, ಒರೆಸಿ, ತುದಿಗಳಿಗೆ ವ್ಯಾಸಲೀನ್ ಸವರುತ್ತಿದ್ದೆ. "ನನ್ನ ಹಿಮ್ಮಡಿ ಒಡೆದು ರಕ್ತ ಬರ್ತಿದೆ, ಇವರು ಅದಕ್ಕೆ ಹಚ್ತಾ ಕೂತಿದಾರೆ," ಎನ್ನುತ್ತಿದ್ದಳು ನನ್ನ ಹೆಂಡತಿ ಸುಮಿತ್ರ.

ಹೀಗಿರುವಾಗ ಸುಮಿತ್ರಳ ಅಕ್ಕನ ಮಗಳಿಗೆ ಶೃಂಗೇರಿ ಹತ್ತಿರದ ಮೆಣಸೆಯಲ್ಲಿ ನಿಶ್ಚಿತಾರ್ಥ ಗೊತ್ತಾಯಿತು. ಹುಡುಗನಿಗೆ ಹಾಕುವ ಉಂಗುರ ಮಾಡಿಸಿದ್ದು ಕೊಪ್ಪದಲ್ಲಿ. ಮುಹೂರ್ತಕ್ಕೆ ಅದನ್ನು ತಲುಪಿಸುವ ಹೊಣೆ ನಮ್ಮದು. ಹಿಂದಿನ ದಿನವೇ ಕರೆಂಟು ಹೋಯಿತು. ಚಾರ್ಜರಿಗೆ ಕರೆಂಟು ಬೇಕಲ್ಲ? ನನ್ನ ತಲೆ ಓಡಿತು. ಚಾರ್ಜರನ್ನು ಇನ್ವರ್ಟರಿನ ಪ್ಲಗ್ಗಿಗೆ ಸಿಕ್ಕಿಸಿದೆ. ಮನೆಯ ಬ್ಯಾಟರಿ ಕಾರಿನ ಬ್ಯಾಟರಿಗೆ ತುತ್ತು ಕೊಟ್ಟೂ ಕೊಟ್ಟೂ, ಸಂಜೆಗೆ ಕುಂಯ್ ಎಂದು ಕೂಗಿ ಕಣ್ಣು ಮುಚ್ಚಿತು.

"ಮನೆ ಕತ್ತಲು, ಕಾರಿಗೆ ಹೊಟ್ಟೆ ತುಂಬಿದೆ. ಚಂದ!" ಎಂದಳು ಸುಮಿತ್ರ. ಅವಳಿಗೆ ಸೀರೆ ಜೋಡಿಸಲು ಬೆಳಕು ಬೇಕಿತ್ತು.

ನಾನು ಬಿಡುವವನೇ? ಕಾರಿನ ಬ್ಯಾಟರಿಯಿಂದ ವೈರು ಎಳೆದು ಒಳಗೊಂದು, ಜಗಲಿಗೊಂದು ಹಳೇ ಹೆಡ್‌ಲೈಟ್ ಬಲ್ಬು ಹಚ್ಚಿದೆ. ಇಡೀ ಓಣಿಯಲ್ಲಿ ನಮ್ಮದೊಂದೇ ಮನೆ ಬೆಳಗುತ್ತಿತ್ತು. ನೆರೆಯವರು ಫೋನು ಹಿಡಿದುಕೊಂಡು ಬಂದರು. ಕೊಡಿ ಕೊಡಿ ಎಂದು ಎಲ್ಲರದನ್ನೂ ಚಾರ್ಜಿಗೆ ಹಾಕಿ, ದಾನಶೂರನ ಹಾಗೆ ಮಲಗಿದೆ.

ಬೆಳಿಗ್ಗೆ ಕೀ ತಿರುಗಿಸಿದರೆ ಟಿಕ್ ಎಂದಿತು. ಮತ್ತೊಮ್ಮೆ ತಿರುಗಿಸಿದೆ. ಟಿಕ್. ಬಸ್ಸು ಆಗಲೇ ಹೋಗಿತ್ತು. ಬಾಡಿಗೆ ಕಾರಿನವನಿಗೆ ಫೋನು ಮಾಡಿದೆ (ಫೋನು ಮಾತ್ರ ಫುಲ್ ಚಾರ್ಜ್ ಇತ್ತು), ಅವನು ದೂರದ ಶೆಟ್ಟಿಕೊಪ್ಪದಲ್ಲಿದ್ದ. ಉಂಗುರದ ಪರ್ಸು ಹಿಡಿದು ಸುಮಿತ್ರ ಹಿಂದಿನ ಸೀಟಿನಲ್ಲಿ ಕೂತಿದ್ದಳು. ನಮ್ಮ ಜೊತೆ ಹೊರಟಿದ್ದ ರಾಘು ಇಸ್ತ್ರಿ ಮಾಡಿದ ಪಂಚೆಯಲ್ಲಿ ನಿಂತಿದ್ದ. ಕಾರಿನ ಮುಂದೆ ಗುಡ್ಡ.

"ರಾಘು, ಸ್ವಲ್ಪ ಕೈ ಹಚ್ಚು," ಎಂದೆ, ಅವನ ಮುಖ ನೋಡದೆ.

"ಯಾವುದಕ್ಕೆ ಭಾವ? ಗಾಡಿ ತಳ್ಳದಾ, ಗುಡ್ಡ ತಳ್ಳದಾ?"

ರಿವರ್ಸ್ ಗೇರು ಹಾಕಿ ಕ್ಲಚ್ ಒತ್ತಿ ಹಿಡಿದೆ. ಅವನು ಪಂಚೆ ಎತ್ತಿಕಟ್ಟಿ ಮುಂದಿನಿಂದ ತಳ್ಳಿದ. ಕಾರು ಹಿಮ್ಮುಖವಾಗಿ ಉರುಳಿತು. ಕ್ಲಚ್ ಬಿಟ್ಟದ್ದೇ ಗುರ್ರೆಂದು ಎದ್ದಿತು. ಓಣಿಯಲ್ಲಿ ತಿರುಗಿಸಲು ಜಾಗವಿಲ್ಲ, ನಿಲ್ಲಿಸಿದರೆ ಆಫ್ ಆಗುವ ಭಯ. ಹಾಗಾಗಿ ಕೆಳಗಿನ ನನ್ನ ಗಿರಣಿಯ ತನಕ ಹಿಂದಕ್ಕೇ ಬಂದೆ. ಕಾರಿನ ಮೂತಿಯೆದುರು ರಾಘು ಏದುಸಿರು ಬಿಡುತ್ತ ಓಡಿಬರುತ್ತಿದ್ದ. ಗಿರಣಿಯಲ್ಲಿ ಕರೆಂಟಿಗೆ ಕಾದು ಅಕ್ಕಿ ಚೀಲದ ಮೇಲೆ ಕೂತಿದ್ದ ಗಿರಾಕಿಗಳೆಲ್ಲ ಎದ್ದು ನಿಂತರು.

"ಎಲ್ಲಿಗೆ ಹೊರಟಿದ್ದು?" ಎಂದು ಒಬ್ಬರು ಕೂಗಿದರು.

"ಶೃಂಗೇರಿ ಕಡೆ!"

"ಹಿಂಗೇನಾ?"

ಮೆಣಸೆಗೆ ಮುಹೂರ್ತದೊಳಗೆ ತಲುಪಿದೆವು. ಸುಮಿತ್ರ ಪರ್ಸು ಎದೆಗೊತ್ತಿ ಒಳಗೆ ಓಡಿದಳು. ನಾನು ಇಳಿಯಲಿಲ್ಲ. ದಾರಿಯುದ್ದಕ್ಕೂ ಬ್ಯಾಟರಿ ತುಂಬಿಕೊಂಡಿರಬಹುದು, ಆದರೆ ತುಂಬಿರದಿದ್ದರೆ? ಅಷ್ಟು ನೆಂಟರ ಎದುರು ತಳ್ಳಿಸಿಕೊಳ್ಳುವುದೇ? ಇಂಜಿನ್ ಆಫ್ ಮಾಡದೆ, ಆಕ್ಸಿಲರೇಟರ್ ಮೇಲೆ ಕಾಲಿಟ್ಟು ಕೂತೆ. ಒಳಗೆ ಮಂತ್ರ, ಹೊರಗೆ ನನ್ನ ಹೊಗೆ. ಪುರೋಹಿತರು ಕೆಮ್ಮಿದ್ದು ಕೇಳಿಸಿತು. ರಾಘು ಬಾಗಿಲಲ್ಲಿ ನಿಂತು ನೆಂಟರಿಗೆ ಏನೋ ಹೇಳತೊಡಗಿದ. ಹೋಯಿತು ಮಾನ, ಎಂದುಕೊಂಡೆ.

"ಭಾವಂಗೆ ಪುರಸೊತ್ತೆಲ್ಲಿದೆ ಮಾರಾಯ್ರೆ? ಕರೆಂಟು ಬಂತು ಅಂತ ಫೋನು ಬಂದ್ರೆ ಗಿರಣಿಗೆ ಓಡ್ಬೇಕು. ಅದಕ್ಕೇ ರೆಡಿಯಾಗಿ ಕೂತಿದಾರೆ. ದುಡಿಯೋ ಜನ!"

ಆಮೇಲೆ ಬಂದು ಕಿಟಕಿಯಲ್ಲಿ ಒಂದು ಬಾಳೆಲೆ ತೂರಿಸಿದ. "ಹೋಳಿಗೆ ತಿನ್ನಿ. ತುಪ್ಪ ನಿಮಗೆ, ಇಂಜಿನ್ನಿಗಲ್ಲ."

ಅವತ್ತಿನ ಫೋಟೋಗಳಲ್ಲಿ ನಾನೆಲ್ಲೂ ಇಲ್ಲ. ಒಂದರಲ್ಲಿ, ಹುಡುಗಿಯ ಹಿಂದಿನ ಬಾಗಿಲಾಚೆ ಸ್ವಲ್ಪ ಹೊಗೆ ಕಾಣುತ್ತದೆ, ಅದು ನಾನು.

ಇವತ್ತು ಅದೇ ಹುಡುಗಿಯ ಮಗುವಿಗೆ ಮೆಣಸೆಯಲ್ಲಿ ನಾಮಕರಣ. ಸುಮಿತ್ರ ಸೀರೆ ಉಟ್ಟು ಹೊರಗೆ ಬಂದವಳು ವೈರು ನೋಡಿದಳು, ನನ್ನನ್ನು ನೋಡಿದಳು. "ಶೃಂಗೇರಿ ಬಸ್ಸಿಗೆ ಇನ್ನೂ ಟೈಮಿದೆ," ಎಂದಳು, ಯಾರಿಗೂ ಅಲ್ಲವೆಂಬಂತೆ. ಮೊದಲಾಗಿದ್ದರೆ ಒಂದು ವಾರ ಮಾತು ಬಿಡುತ್ತಿದ್ದೆ. ಇವತ್ತು ವೈರು ಕಿತ್ತು ಬಾನೆಟ್ ಮುಚ್ಚಿದೆ. ಚಾಪೆಯ ಮೇಲೆ ಕೂತು ಮಗುವಿನ ಹೆಸರನ್ನು ಎಲ್ಲರ ಜೊತೆ ಕೇಳಬೇಕೆನಿಸಿತ್ತು.

ಸ್ಟ್ಯಾಂಡಿನಲ್ಲಿ ಬಸ್ಸು ಗಡಗಡ ನಡುಗುತ್ತ ನಿಂತಿತ್ತು. ಡ್ರೈವರು ಇಂಜಿನ್ ಆಫ್ ಮಾಡದೆ ಸೀಟಿನಲ್ಲೇ ಕೂತು ಚಹಾ ಕುಡಿಯುತ್ತಿದ್ದ.

"ಇಳಿದು ಕುಡೀಬಾರ್ದಾ ಮಾರಾಯ, ಎಂತ ಹೊಗೆ ಇದು!" ಎಂದು ಯಾರೋ ಬೈದರು.

ನಾನು ಅಂಗಡಿಗೆ ಹೋಗಿ ಒಂದು ಬನ್ನು ತಂದು, ಅವನ ಕಿಟಕಿಯಲ್ಲಿ ಕೊಟ್ಟೆ.