ಟಾರ್ಚಿನ ರಿಂಗಿಗೆ ಯಾವ ಗ್ರೀಸು?

ಗೆಳೆಯರೇ, ಇವತ್ತು ಹೂಟಗಳ್ಳಿಯ ನಮ್ಮ ಕಾರ್ಖಾನೆಯ ಸಂಪಿನೊಳಗೆ, ಎದೆಮಟ್ಟದ ನೀರಿನಲ್ಲಿ ನಿಂತು ವಾಲ್ವ್ ತಿರುಗಿಸುತ್ತಿದ್ದಾಗ ಟಾರ್ಚ್ ಆರಿಹೋಯಿತು. ಕಾಲಡಿಯ ಗುಂಡಿ ಎಲ್ಲಿದೆಯೋ, ಏಣಿ ಎಲ್ಲಿದೆಯೋ, ಒಂದೂ ಕಾಣದು.

"ಅಲ್ಲಾಡ್ಬೇಡಿ ಸಾರ್, ಹಗ್ಗ ಬುಡ್ತೀನಿ!" ಮೇಲಿನಿಂದ ನಮ್ಮ ಹಿರಿಯ ಫಿಟ್ಟರ್ ಸಿದ್ದಪ್ಪನವರು ಕೂಗಿದರು.

ಹೇಗೋ ಹತ್ತಿ ಬಂದು ಟಾರ್ಚ್ ಬಿಚ್ಚಿದೆ. ಒಳಗೆಲ್ಲ ನೀರು. ಅದನ್ನು ತಡೆಯಬೇಕಾದ ರಬ್ಬರ್ ರಿಂಗು ಊದಿಕೊಂಡು ಹೊರಗೆ ಇಣುಕುತ್ತಿತ್ತು.

"ಇದಕ್ಕೇನ್ರೀ ಹಚ್ಚಿದ್ರಿ?"

"ಹೋದ್ವಾರ ಆಯುಧಪೂಜೆಗೆ ಒರೆಸ್ವಾಗ ಗಾಡಿ ಗ್ರೀಸ್ ಹಚ್ದೆ ಸಾರ್."

"ಗಾಡಿ ಗ್ರೀಸ್‌ಗೆ ರಬ್ಬರ್ ಊದ್ಕೊಳ್ಳುತ್ತೆ! ರಬ್ಬರ್‌ಗೆ ಅಂತ್ಲೇ ಸಿಲಿಕೋನ್ ಗ್ರೀಸ್ ತಂದ್ಕೊಟ್ಟಿದ್ನಲ್ರೀ!"

"ಅದು ಫಾರಿನ್ದು ಸಾರ್. ಪೂಜೆಗಿಟ್ಟಿದ್ದೀನಿ."

ಹೋಗಿ ದೇವರ ಪಟದ ಮುಂದೆ ನೋಡಿದೆ. ಸೀಲು ಒಡೆಯದ ಟ್ಯೂಬು, ಅದಕ್ಕೆ ಕುಂಕುಮ, ಒಣಗಿದ ಸೇವಂತಿಗೆ ಹಾರ. ನನ್ನ ಫೋಟೋಗೆ ಬೀಳಬೇಕಿದ್ದ ಹಾರ ಸದ್ಯಕ್ಕೆ ಅದರ ಮೇಲೇ ಇದೆ.