ಹಂಪ್ ಹಾಕಿಸಿದ ಮಹಾಂತಮ್ಮ

ಮಹಾಂತಮ್ಮ ಮಾತಾಡುವಾಗಲೂ ಸೆರಗಿನಿಂದ ಮೂಗು, ಬಾಯಿ ಮುಚ್ಚಿಕೊಂಡಿರುತ್ತಿದ್ದಳು. ನಗುವೋ ಸಿಟ್ಟೋ ಕಣ್ಣು ನೋಡಿಯೇ ತಿಳಿಯಬೇಕು. ಸುರಪುರದಿಂದ ಹುಣಸಗಿಗೆ ಹೋಗುವ ರಸ್ತೆಗೆ ಅಂಟಿಕೊಂಡೇ ಅವಳ ಮನೆ, ಪಕ್ಕದ್ದು ನಮ್ಮದು. ಅವಳನ್ನು ನಾನು ಕಾಕಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ.

ಕಾಲುವೆಗೆ ನೀರು ಬಿಟ್ಟ ಮೇಲೆ ಊರ ಸುತ್ತ ಭತ್ತ ಬಂತು. ಭತ್ತದ ಹಿಂದೆ ಲಾರಿ, ಜೀಪು, ಕಾರು ಬಂದವು. ಊರೊಳಗೂ ಅವುಗಳ ಓಟ ತಗ್ಗುತ್ತಿರಲಿಲ್ಲ. ಒಂದು ಸಂಜೆ ನೀರಿನ ಕೊಡ ಹೊತ್ತು ರಸ್ತೆ ದಾಟುತ್ತಿದ್ದ ಕಾಕಿಯ ಮಗಳು ನೀಲಮ್ಮನಿಗೆ ಕಾರೊಂದು ಹೊಡೆದು, ನಿಲ್ಲದೆ ಹೋಯಿತು. ಮಗಳನ್ನು ಮಣ್ಣು ಮಾಡಿದ ಮರುದಿನ ಕಾಕಿ ರಸ್ತೆ ನಡುವೆ ಕುಳಿತಳು.

"ಏಳಬೇ, ಸಾಹೇಬರ ಗಾಡಿ ಬರಾಕತ್ತದ," ಅಂದ ಪೊಲೀಸ.

"ಸಾವಕಾಶ ಬರಲಿ. ಜೋರಾಗಿ ಬಂದವರನ್ನ ನೋಡೀನಿ."

ಅವಳ ಹಟಕ್ಕೆ ಮನೆಯ ಎದುರೇ ಹಂಪ್ ಬಿತ್ತು. ಮುಂದೆ ಅಲ್ಲಿ ಯಾರೂ ಸಾಯಲಿಲ್ಲ. ಆದರೆ ಗಾಡಿಗಳು ಜೋರಾಗಿ ಬಂದು ಗಕ್ಕನೆ ಬ್ರೇಕ್ ಹಾಕುತ್ತಿದ್ದವು, ದಾಟಿದ್ದೇ ಗುರ್ರೆಂದು ಓಡುತ್ತಿದ್ದವು. ಆ ಕರಿಹೊಗೆಯೆಲ್ಲ ಅವಳ ಬಾಗಿಲಿಗೆ. ರೊಟ್ಟಿ ಬುಟ್ಟಿಯ ಬಟ್ಟೆ ಕಪ್ಪಾಯಿತು, ಕಾಕಿಯ ಸೆರಗು ಮೂಗಿಗೇರಿತು. ಬರಬರುತ್ತ ಕಾಕಿಗೆ ದಮ್ಮು ಹತ್ತಿತು.

"ಹಂಪ್ ತಗಸೂಣೇನು ಕಾಕಿ?" ಎಂದು ಕೇಳಿದೆ.

"ತಗದ್ರ ಮತ್ತ ಯಾರ ಮಗಳರ ಸಾಯ್ತಾಳ. ಊರು ದಾಟೋತನಕ ಒಂದ ನಮೂನಿ ನಿಧಾನ ಹೋಗ್ರಿ ಅಂತ ಹೇಳು. ಇಷ್ಟ್ಯಾಕ ಹೊಗಿ ಕಾರ್ತಾವ?"

ಒಮ್ಮೆ ಯಾರೋ ಮಂತ್ರಿ ಬರುತ್ತಾರೆಂದು ಊರಿನ ಎರಡೂ ತುದಿಗೆ ಪೊಲೀಸರನ್ನು ನಿಲ್ಲಿಸಿದ್ದರು. ಆ ವಾರವೆಲ್ಲ ಗಾಡಿಗಳು ಎತ್ತಿನ ಬಂಡಿಗಳಂತೆ ಒಂದೇ ಸಮನೆ ಸಾಗಿದವು. ಹೊಗೆ, ಧೂಳು ಇಳಿಯಿತು. ಕಾಕಿ ಸೆರಗು ಸರಿಸಿ ಕಟ್ಟೆಯ ಮೇಲೆ ಕುಳಿತಿದ್ದಳು. ಎಷ್ಟೋ ದಿನಗಳ ಮೇಲೆ ಅವಳ ಪೂರ್ತಿ ಮುಖ ಕಂಡು ಬೆಚ್ಚಿದೆ, ಥೇಟ್ ನೀಲಮ್ಮ. ಮಂತ್ರಿ ಬಂದು ಹೋದ, ಪೊಲೀಸರೂ ಹೋದರು. ಗಾಡಿಗಳು ಮತ್ತೆ ಓಡಿದವು.

ನನಗೆ ಯಾದಗಿರಿಯಲ್ಲಿ ಕೆಲಸ ಸಿಕ್ಕಿತು. ಕೊನೆಯ ಸಲ ಕಂಡಾಗ ಅವಳು ಗೋಡೆಗೆ ಆತು ಕುಳಿತು ಉಸಿರಿಗೆ ಒದ್ದಾಡುತ್ತಿದ್ದಳು.

"ಯಾದಗಿರಿಗೆ ನಮ್ಮ ಮನಿಗೆ ಬಾ ಕಾಕಿ. ಅಲ್ಲಿ ಹೊಗಿ ಇಲ್ಲ."

ಒಲ್ಲೆನೆಂದು ತಲೆಯಾಡಿಸಿದಳು. ಎರಡು ಮಾತಿಗೊಮ್ಮೆ ನಿಂತು ಹೇಳಿದಳು: "ನಾ ಬಂದ್ರ... ಈ ಮನಿಗೆ ಬ್ಯಾರೆಯವರು ಬರ್ತಾರ, ತಮ್ಮಾ. ಅವರಿಗೆ ಹೊಗಿ... ತಡ್ಯಾಕ ಆಗಂಗಿಲ್ಲ. ಹಂಪ್ ಕೀಳಸ್ತಾರ."

ಆ ಚಳಿಗಾಲ ಅವಳು ದಾಟಲಿಲ್ಲ. ಮಣ್ಣಿಗೆಂದು ನಾನು ಬಂದ ಬಸ್ಸೂ ಅವಳ ಬಾಗಿಲೆದುರು ಗಕ್ಕನೆ ತಗ್ಗಿ, ಹಂಪ್ ಹತ್ತಿಳಿದು, ನನ್ನನ್ನು ಇಳಿಸಿ, ಹೊಗೆ ಉಗುಳಿ ಹೋಯಿತು. ಅಂಗಳದಲ್ಲಿ ಹೆಣದ ಸುತ್ತ ಕುಳಿತ ಹೆಂಗಸರು ಅಳು ನಿಲ್ಲಿಸಿ ಕೆಮ್ಮತೊಡಗಿದರು.